ಸೊನ್ನೆಯ ತುದಿ

೧೯೯೭ರ ಜನವರಿ ೧೬, ಗುರುವಾರ, ಬೆಳಗ್ಗೆ ಆರು ಗಂಟೆ ಐವತ್ತು ನಿಮಿಷ. ಊರ ಶಾಲೆಯ ಅಡುಗೆಮನೆಯ ಮುಂದೆ ರಬಾಯ್ ಬುಟ್ಟಿ ಹೊತ್ತು ಎದ್ದಳು. ಮೊದಲು ಮಂಡಿಯೂರಿದಳು. ಬುಟ್ಟಿಯ ಪಟ್ಟಿಯನ್ನು ಹಣೆಗೆ ಸಿಕ್ಕಿಸಿದಳು. ಎರಡೂ ಅಂಗೈಗಳನ್ನು ನೆಲಕ್ಕೆ ಒತ್ತಿ, ಉಸಿರು ಬಿಗಿಹಿಡಿದು ಎದ್ದಳು. ಬುಟ್ಟಿಯಲ್ಲಿ ಗಿಡ ಒತ್ತಿ ಒಣಗಿಸುವ ಆರು ಒತ್ತುಹಲಗೆ, ಹಳೆಯ ಪತ್ರಿಕೆಗಳ ನಾಲ್ಕು ಕಟ್ಟು, ಎರಡು ಹಗ್ಗ, ಕೊಂಬೆ ಕತ್ತರಿಸುವ ಉದ್ದನೆಯ ಗಳ, ನೀರು, ಮೇಷ್ಟ್ರ ಮಡಚುವ ಕುರ್ಚಿ ಇದ್ದವು. ಹಿಂದಿನ ದಿನ ಸು-ಚಿನ್ ಅದನ್ನು ತಕ್ಕಡಿಯ ಕೊಕ್ಕೆಗೆ ಹಾಕಿ ನೋಡಿದ್ದಳು. ಮೂವತ್ತೊಂದು ಕಿಲೋ. ರಬಾಯ್‌ಗೆ ನಲವತ್ತೇಳು ವರ್ಷ. ಅವಳ ತೂಕ ನಲವತ್ತಾರು ಕಿಲೋ.

ಕಾಡಿನ ಗಿಡಗಳನ್ನು ಗುರುತಿಸಿ ಪಟ್ಟಿ ಮಾಡುವ ಕೆಲಸ. ತೈಪೆಯ ಕಾಲೇಜಿನಿಂದ ಬಂದಿದ್ದ ಫಾಂಗ್ ಮೇಷ್ಟ್ರು ಅದರ ಮುಖ್ಯಸ್ಥರು. ಸು-ಚಿನ್ ಅವರ ಪ್ರಯೋಗಾಲಯದ ಸಹಾಯಕಿ. ಮೂವತ್ತನಾಲ್ಕರ ಹೆಂಗಸು, ಮಾತು ಕಡಿಮೆ. ಚೀಟಿ ಬರೆಯುವುದು, ಸಂಖ್ಯೆ ಹಾಕುವುದು ಅವಳ ಪಾಲು. ಉಳಿದದ್ದೆಲ್ಲ ರಬಾಯ್ ಪಾಲು. ದಾರಿ ಸವರುವುದು, ಹೊರುವುದು, ಮರ ಹತ್ತುವುದು, ಬಂಡೆಗೆ ಹಗ್ಗ ಕಟ್ಟಿ ಇಳಿದು ಗಿಡ ಕೀಳುವುದು, ಸಂಜೆ ಒದ್ದೆ ಕಾಗದ ಬದಲಿಸುವುದು, ಒಲೆಯ ಮೇಲೆ ಹಲಗೆಗಳನ್ನು ಒಣಗಿಸುವುದು. ಅಳೆಯುವಾಗ ಟೇಪಿನ ಸೊನ್ನೆಯ ತುದಿ ಹಿಡಿದು ನಿಲ್ಲುವುದು.

ಹನ್ನೊಂದು ವರ್ಷಗಳಿಂದ ಎಂಥೆಂಥವರೋ ಪಟ್ಟಿ ಮಾಡಲು ಬಂದಿದ್ದರು. ಯಾರು ಬಂದರೂ ಅವಳ ಕೈಗೆ ಕೊಡುತ್ತಿದ್ದದ್ದು ಸೊನ್ನೆಯ ತುದಿಯನ್ನೇ. ಮುಳ್ಳುಪೊದೆಯೊಳಗೆ, ಜಾರುವ ಕಲ್ಲಿನ ಮೇಲೆ, ತಾಗಿದರೆ ಮೈಯೆಲ್ಲ ಉರಿಯೇಳುವ ತುರಿಕೆ ಗಿಡದ ನಡುವೆ ಅವಳು ತುದಿ ಹಿಡಿದು ಅಲುಗಾಡದೆ ನಿಲ್ಲಬೇಕು. ಆ ಕಡೆ ಸಮತಟ್ಟು ನೆಲದಲ್ಲಿ ನಿಂತವರು ಎಷ್ಟು ಮೀಟರ್ ಎಂದು ಓದಿ ಬರೆದುಕೊಳ್ಳುತ್ತಾರೆ. ಎಷ್ಟು ಬಂತು ಎಂದು ಅವಳಿಗೆ ಯಾರೂ ಹೇಳಿದ್ದಿಲ್ಲ.

ಅವಳ ಹೆಸರನ್ನೂ ಯಾರೂ ಕೇಳಿದ್ದಿಲ್ಲ. ಸರ್ಕಾರದ ದಾಖಲೆಯಲ್ಲಿ ಅವಳು ತಿಯೆನ್ ಮೇ-ಯೂ. ಅವಳು ಹುಟ್ಟಿದಾಗ ದಫ್ತರದ ಗುಮಾಸ್ತ ಇಟ್ಟ ಚೀನೀ ಹೆಸರು ಅದು. ಮೇಷ್ಟ್ರು ಕೂಗುತ್ತಿದ್ದದ್ದು ಹಾಗೆಯೇ. ಅವಸರವಾದರೆ, ಏ, ಅಷ್ಟೆ.

ಈ ಸಲದ ಕೆಲಸದ ಮೊದಲ ದಿನ ಸಂಜೆ ಜೋರು ಮಳೆ ಬಂದಿತ್ತು. ಆ ದಿನದ ನೂರಮೂವತ್ತು ಮಾದರಿಗಳು ನೆನೆಯಬಾರದೆಂದು ಮೇಷ್ಟ್ರು ಜೀಪಿನ ಒಳಗಿನ ಸೀಟಿನ ಮೇಲೆ ಇರಿಸಿ ಮೇಲೆ ತಮ್ಮ ಕೋಟು ಹೊದಿಸಿದರು. ರಬಾಯ್ ಜೀಪಿನ ಹಿಂದಿನ ತೆರೆದ ಭಾಗದಲ್ಲಿ ಕೂತಳು. ಒಂಬತ್ತು ಕಿಲೋಮೀಟರ್. ಇಳಿದಾಗ ಅವಳ ಹಲ್ಲು ಕಟಕಟ ಬಡಿಯುತ್ತಿದ್ದವು. ಮೇಷ್ಟ್ರು ಮೊದಲು ಕಟ್ಟುಗಳನ್ನು ಮುಟ್ಟಿ ನೋಡಿದರು. ಒಂದೂ ನೆನೆದಿಲ್ಲ ಎಂದು ಖುಷಿಪಟ್ಟರು.

ಕೆಟ್ಟ ಮನುಷ್ಯ ಎಂದು ಹೇಳುವ ಹಾಗಿರಲಿಲ್ಲ. ಕೆಲಸ ಬಲ್ಲವರು. ಎಲೆಯ ಬುಡದ ಒಂದು ರೋಮ ನೋಡಿ ಗಿಡದ ಕುಲ ಹೇಳುತ್ತಿದ್ದರು. ತಮಾಷೆ ಮಾಡುವುದೂ ಇತ್ತು. ಮಲೆಯ ಜನಕ್ಕೆ ಕಾಲು ಮೇಕೆಯದು, ನೆನಪು ಕೋಳಿಯದು ಅನ್ನುತ್ತಿದ್ದರು. ಒಂದೇ ಗಿಡಕ್ಕೆ ರಬಾಯ್ ನಾಲ್ಕು ಹೆಸರು ಹೇಳಿದಾಗ ಸು-ಚಿನ್ ಕಡೆ ತಿರುಗಿ ನಕ್ಕರು.

"ನೋಡಮ್ಮ, ಇವರ ಶಾಸ್ತ್ರ. ಒಂದು ಗಿಡ, ನಾಲ್ಕು ಹೆಸರು."

"ಚಿಗುರಾದಾಗ ತಿಂತೀವಿ ಮೇಷ್ಟ್ರೇ, ಬಲಿತರೆ ನಾರು ತೆಗೀತೀವಿ. ಕಾಯಿ ಬಿಟ್ಟಾಗ ಹಂದಿ ಬರುತ್ತೆ, ಒಣಗಿದರೆ ಒಲೆಗೆ. ನಿಮಗೆ ಅದು ಸತ್ತ ಮೇಲೆ ತಾನೆ ಬೇಕಾಗೋದು, ಒಂದೇ ಹೆಸರು ಸಾಕು."

ಸು-ಚಿನ್ ಬಾಯಿಗೆ ಕೈ ಅಡ್ಡ ಹಿಡಿದಳು. ಮೇಷ್ಟ್ರು ನಗಲಿಲ್ಲ.

*

ಊರಿನ ತಲೆಯ ಮೇಲೆ ಎದ್ದ ಬಂಡೆಗೋಡೆಯಲ್ಲಿ ಒಂದು ಗಿಡವಿತ್ತು. ಈ ಮಲೆಯ ಮೂಲನಿವಾಸಿಗಳಾದ ತ್ರುಕು ಜನರ ಹೆಂಗಸರು ಅದನ್ನು ಬಂಡೆಕಿವಿ ಅನ್ನುತ್ತಿದ್ದರು. ಸುಣ್ಣಕಲ್ಲಿನ ಬಿರುಕಿಗೆ ಅಂಟಿಕೊಂಡು ಬೆಳೆಯುವ, ಅಂಗೈಯಗಲ ಹರಡುವ, ದಪ್ಪ ಎಲೆಯ ಗಿಡ. ಎಲೆಯ ಮೇಲೆ ಬೂದುಬಣ್ಣದ ಮೃದು ರೋಮ. ಬೇಸಿಗೆಯ ಕೊನೆಗೆ ನೇರಳೆ ಹೂ. ಆ ಗೋಡೆಯ ನಡುಮಟ್ಟದಲ್ಲಿ ಒಂದು ಚಾಚುಬಂಡೆಯಿದೆ. ಅದರ ಮೇಲೆ ಇನ್ನೊಂದು ಬಂಡೆ ಸೂರಿನಂತೆ ಬಾಗಿದೆ. ಆ ಸೂರಿನಡಿ ಬಿಟ್ಟರೆ ಅದು ಬೇರೆಲ್ಲೂ ರಬಾಯ್ ಕಣ್ಣಿಗೆ ಬಿದ್ದಿರಲಿಲ್ಲ. ಅವಳ ತಾಯಿಯ ಕಣ್ಣಿಗೂ ಬಿದ್ದಿರಲಿಲ್ಲ.

ಹಿಂದೆ ಹುಡುಗಿಯರಿಗೆ ಕೆನ್ನೆಯ ಮೇಲೆ ಹಚ್ಚೆ ಚುಚ್ಚಿದಾಗ ಮುಖ ಬಾತು ಕಣ್ಣು ಮುಚ್ಚಿಹೋಗುತ್ತಿತ್ತು. ಆಗ ಈ ಎಲೆಯನ್ನು ಜಜ್ಜಿ ಕಟ್ಟುತ್ತಿದ್ದರು. ಆಗ ಆಳುತ್ತಿದ್ದ ಜಪಾನಿನವರು ಹಚ್ಚೆ ನಿಷೇಧಿಸಿದರು. ಹೆಂಗಸರು ಗವಿಯೊಳಗೆ ಕೂತು ಚುಚ್ಚಿಸಿಕೊಳ್ಳತೊಡಗಿದರು. ಪೊಲೀಸರು ಹಚ್ಚೆ ಚುಚ್ಚುವವಳನ್ನು ಹುಡುಕಲಿಲ್ಲ. ಗಿಡ ಹುಡುಕಿದರು. ಯಾರ ಮನೆಯಲ್ಲಿ ಆ ಎಲೆ ಸಿಕ್ಕಿತೋ ಆ ಮನೆಯಲ್ಲಿ ಹಚ್ಚೆ ಚುಚ್ಚಿಸಿಕೊಂಡ ಹುಡುಗಿಯಿದ್ದಾಳೆ ಎಂದು ಅರ್ಥ. ರಬಾಯ್ ತಾಯಿ ಇವಾಲ್‌ಗೆ ೧೯೩೦ರಲ್ಲಿ ಹದಿನಾಲ್ಕು ವರ್ಷ. ಅವಳ ತಲೆದಿಂಬಿನಡಿ ಎರಡು ಎಲೆ ಸಿಕ್ಕಿದವು. ಅವಳ ಅಪ್ಪನನ್ನು ನಲವತ್ತು ದಿನ ರಸ್ತೆಗೆ ಕಲ್ಲು ಒಡೆಯಲು ಹಾಕಿದರು. ವಾಪಸ್ ಬಂದಾಗ ಅವನ ಬಲಗಣ್ಣು ಇರಲಿಲ್ಲ. ಕಲ್ಲಿನ ಚಕ್ಕೆ ಹಾರಿತ್ತು.

ಅಂದಿನಿಂದ ಒಂದು ಕಟ್ಟು ಹುಟ್ಟಿತು. ಹೊರಗಿನವರ ಮುಂದೆ ಬಂಡೆಕಿವಿಯ ಹೆಸರೆತ್ತಬಾರದು. ಆ ಕಡೆ ಬೆರಳು ತೋರಿಸಬಾರದು. ಆ ದಾರಿಯಲ್ಲಿ ಕರೆದೊಯ್ಯಬಾರದು. ಜಪಾನಿನವರು ಹೋದರು. ಹಚ್ಚೆಯೂ ಹೋಯಿತು. ಕಟ್ಟು ಉಳಿಯಿತು.

ರಬಾಯ್‌ಗೆ ಆ ಕಟ್ಟು ಸರಿ ಎಂದು ತಾನೇ ಕಂಡು ಗೊತ್ತಾಗಿತ್ತು. ೧೯೮೭ರಲ್ಲಿ ಅವಳು ಪಟ್ಟಿ ಮಾಡಲು ಬಂದ ಒಬ್ಬರಿಗೆ ಬಿಳಿ ಸೀತಾಳೆ ಆರ್ಕಿಡ್ ಬೆಳೆದ ಮರ ತೋರಿಸಿದ್ದಳು. ಅವರು ಮರಕ್ಕೆ ತಗಡಿನ ಸಂಖ್ಯೆ ಹೊಡೆದು, ಪುಸ್ತಕದಲ್ಲಿ ಜಾಗ ಬರೆದು ಹೋದರು. ಮರುವರ್ಷ ಮರವೇ ನೆಲಕ್ಕುರುಳಿತ್ತು. ಹೂ ಮಾರುವವರು ಬಂದು ಕೊಂಬೆ ಕೊಂಬೆಯನ್ನೂ ಸವರಿಕೊಂಡು ಹೋಗಿದ್ದರು. ತಗಡಿನ ಸಂಖ್ಯೆ ಮಾತ್ರ ಬುಡದಲ್ಲಿತ್ತು. ಆಮೇಲೆ ಬಂದ ಎಲ್ಲರನ್ನೂ ಅವಳು ಚಾಚುಬಂಡೆಯ ಮಗ್ಗುಲಿನಿಂದ ಬಿದಿರುಮೆಳೆಯ ಕಡೆಗೆ ಸುತ್ತುಹಾಕಿಸಿದಳು. ಒಮ್ಮೆ ಕಣಜದ ಗೂಡು ಅಂದಳು. ಒಮ್ಮೆ ಕಲ್ಲು ಸಡಿಲ ಅಂದಳು. ಬಾಯಲ್ಲಿ ಹೇಳಿದ್ದು ಸ್ವಲ್ಪ. ಕಾಲಲ್ಲಿ ಹೇಳಿದ್ದು ಹೆಚ್ಚು.

ನಿನ್ನೆ ಬುಧವಾರವೂ ಅದನ್ನೇ ಮಾಡಿದ್ದಳು. ಮೇಷ್ಟ್ರ ಪಟ್ಟಿಗೆ ಹೊಳೆಯಿಂದ ನೆತ್ತಿಯವರೆಗೆ ಐದು ಸಾಲು. ಸಾಲಿನುದ್ದಕ್ಕೂ ಹತ್ತು ಮೀಟರಿಗೆ ಒಂದರಂತೆ ಹಗ್ಗದ ಚೌಕ ಕಟ್ಟಿ ಒಳಗಿನ ಪ್ರತಿ ಗಿಡವನ್ನೂ ಎಣಿಸಬೇಕು. ಮೂರನೇ ಸಾಲು ನೇರ ಹೋದರೆ ಚಾಚುಬಂಡೆಯ ಮೇಲೆಯೇ ಹಾಯುತ್ತಿತ್ತು. ಕಲ್ಲು ಸಡಿಲವಾಗಿದೆ ಮೇಷ್ಟ್ರೇ ಎಂದಳು. ಮೇಷ್ಟ್ರಿಗೆ ಏದುಸಿರು. ಕುರ್ಚಿ ಬಿಡಿಸಿ ಕೂತರು. ನೋಡದೇ ಉಳಿದ ನಾಲ್ಕು ಚೌಕಗಳ ಮನೆಯಲ್ಲಿ 'ಮೇಲಿನಂತೆಯೇ' ಎಂದು ಬರೆದರು. ನಲವತ್ತು ಮೀಟರ್. ಅವರು ಬರೆದದ್ದನ್ನು ಅವಳು ನೋಡಿದಳು. ನೋಡಿ ನಿರಾಳವಾದಳು.

*

ಗುರುವಾರ ಮಧ್ಯಾಹ್ನ ಐದನೇ ಸಾಲಿನ ಕೊನೆಯ ಚೌಕ ಮುಗಿಸಿ ನೆತ್ತಿಗೆ ಬಂದಾಗ ಅಲ್ಲಿ ಹೊಸ ಕಲ್ಲು ನೆಟ್ಟಿತ್ತು. ಮೊಣಕಾಲೆತ್ತರದ ಸಿಮೆಂಟ್ ಕಲ್ಲು. ಕಲ್ಲಿನ ತುದಿಗೆ ಕೆಂಪು ಬಣ್ಣ. ಮೇಲೆ ನಾಲ್ಕು ಎಂದು ಬರೆದಿತ್ತು. ಬಣ್ಣ ಇನ್ನೂ ಬೆರಳಿಗೆ ಅಂಟುತ್ತಿತ್ತು. ರಬಾಯ್ ಕಣ್ಣು ಹಾಯಿಸಿದಳು. ಇಳಿಜಾರಿನಲ್ಲಿ ಇನ್ನೊಂದು ಕೆಂಪು. ಅದರ ಕೆಳಗೆ ಇನ್ನೊಂದು. ಏಳನೆಯದು ಚಾಚುಬಂಡೆ ಶುರುವಾಗುವ ಜಾಗದಲ್ಲಿಯೇ ನಿಂತಿತ್ತು.

ಕಣಿವೆಯ ಆಚೆಗೆ ಸಿಮೆಂಟ್ ಕಂಪನಿಯ ಹಳೆಯ ಗಣಿ. ಅರ್ಧ ಬೆಟ್ಟ ತಿಂದು ಮೆಟ್ಟಿಲು ಮೆಟ್ಟಿಲಾಗಿ ನಿಂತಿತ್ತು. ದಿನಾ ಹನ್ನೆರಡೂಕಾಲಿಗೆ ಅಲ್ಲಿ ಸಿಡಿಮದ್ದು ಹಾರಿಸುತ್ತಾರೆ. ಅವತ್ತೂ ಹಾರಿಸಿದರು. ಕಾಲಡಿಯ ನೆಲ ನಡುಗಿತು. ಬಿಳಿ ದೂಳು ಕಣಿವೆ ದಾಟಿ ಬಂತು. ಸು-ಚಿನ್ ಒಂದೊಂದು ಎಲೆಯನ್ನೂ ಒದ್ದೆಬಟ್ಟೆಯಿಂದ ಒರೆಸಿ ಹಲಗೆಗೆ ಇಡುತ್ತಿದ್ದಳು.

ಈ ಕಲ್ಲು ಯಾತಕ್ಕೆ ಎಂದು ರಬಾಯ್ ಅವಳನ್ನು ಕೇಳಿದಳು. ಸು-ಚಿನ್ ಒರೆಸುವುದನ್ನು ನಿಲ್ಲಿಸಿದಳು. ಮೇಷ್ಟ್ರು ದೂರದಲ್ಲಿ ಉಚ್ಚೆಗೆ ಹೋಗಿದ್ದರು.

"ನಿಮಗೆ ಹೇಳಿಲ್ವಾ ಅಕ್ಕ? ಹೊಸ ಗಣಿಯ ಗಡಿ. ಈ ಪಟ್ಟಿ ಅದಕ್ಕೇ ಅಲ್ವಾ?"

ರಬಾಯ್‌ಗೆ ಹೇಳಿದ್ದು ಪುಸ್ತಕ ಅಂತ. ಈ ಸೀಮೆಯ ಗಿಡಗಳ ಪುಸ್ತಕ, ಬಣ್ಣದ ಚಿತ್ರ ಇರುತ್ತೆ, ಒಂದು ಪ್ರತಿ ನಿಮ್ಮ ಶಾಲೆಗೂ ಕೊಡ್ತೀವಿ ಅಂತ.

ಉಳಿದದ್ದನ್ನು ಸು-ಚಿನ್ ತಗ್ಗಿದ ದನಿಯಲ್ಲಿ ಹೇಳಿದಳು. ಕಂಪನಿ ಈ ದಡದ ಬೆಟ್ಟವನ್ನೂ ಕೇಳಿದೆ. ಕಾಪಾಡಬೇಕಾದ ಗಿಡ ಇಲ್ಲಿ ಒಂದೂ ಇಲ್ಲ ಎಂದು ತೋರಿಸಿದರೆ ಅನುಮತಿ ಸಿಗುತ್ತದೆ. ಎಲ್ಲ ಗಿಡ ಹೂ ಬಿಡುವ ಕಾಲದಲ್ಲಿ ಬರೋಣ ಎಂದು ತಾನು ಹೇಳಿದ್ದಳು. ಕಂಪನಿ ಜನವರಿಯಲ್ಲೇ ಮುಗಿಸಿ ಎಂದಿತು. ಅನುಮತಿ ಬಂದರೆ ಬಂಡೆಗೋಡೆಯ ಕೆಳಗಿನ ಇಪ್ಪತ್ತಾರು ಮನೆಗಳು ಏಳಬೇಕು. ಸಿಡಿಮದ್ದಿನ ಕೆಳಗೆ ಜನ ಇರುವಂತಿಲ್ಲ.

ಇಪ್ಪತ್ತಾರರಲ್ಲಿ ಒಂದು ಮನೆ ಇವಾಲ್‌ದು.

ರಬಾಯ್ ಮತ್ತೆ ಏಳನೇ ಕಲ್ಲಿನ ಕಡೆ ನೋಡಿದಳು. ಹನ್ನೊಂದು ವರ್ಷ ಬಂದವರ ಪಟ್ಟಿಗಳಲ್ಲೆಲ್ಲ ಬಂಡೆಕಿವಿ ಇಲ್ಲ. ಇಲ್ಲದಂತೆ ಮಾಡಿದವಳು ಅವಳೇ. ಇಲ್ಲಿ ಏನೂ ಇಲ್ಲ ಎಂದು ಕಂಪನಿ ಹೇಳುತ್ತಿದೆ. ಆ ಮಾತನ್ನು ಅವರ ಬಾಯಿಗೆ ಇಟ್ಟವಳೂ ಅವಳೇ.

ಊಟಕ್ಕೆ ಕೂತಾಗ ಮೇಷ್ಟ್ರು ಕಡತ ಬಿಚ್ಚಿದರು. ರಬಾಯ್ ಎಂದಿನಂತೆ ಹತ್ತು ಹೆಜ್ಜೆ ಆಚೆ ಕೂತು ಗೆಣಸು ಸುಲಿಯುತ್ತಿದ್ದಳು. ಮೇಷ್ಟ್ರು ಕೈಬೀಸಿ ಕರೆದರು. ಸ್ಥಳೀಯ ಮಾರ್ಗದರ್ಶಿಯ ಹೇಳಿಕೆ ಎಂಬ ಹಾಳೆ. ಐದೂ ಸಾಲುಗಳನ್ನು ಪೂರ್ತಿ ನಡೆದು ನೋಡಲಾಗಿದೆ, ಬಿಟ್ಟುಹೋದ ಜಾಗವಿಲ್ಲ ಎಂದು ಬೆರಳಚ್ಚಾಗಿತ್ತು. ಅದರ ಮೇಲೆ 'ವಿಶೇಷ ಸಸ್ಯ: ಇಲ್ಲ'. ಕೆಳಗೆ ಖಾಲಿ ಚೌಕ. ಅಲ್ಲಿ ಸಹಿಯ ಬದಲು ಅವಳ ಹೆಸರಿನ ಮೊಹರು ಬೀಳಬೇಕು. ಊರಿನವರ ಮೊಹರಿಲ್ಲದೆ ಕಡತ ಮುಂದೆ ಹೋಗುವುದಿಲ್ಲ.

ಮೊಹರು ಅವಳ ಕೊರಳಲ್ಲೇ ಇತ್ತು. ಬಟ್ಟೆಯ ಚೀಲದಲ್ಲಿ, ಅಂಗಿಯ ಒಳಗೆ. ಅವಳು ಅದನ್ನು ಸ್ನಾನದಲ್ಲೂ ತೆಗೆಯುತ್ತಿರಲಿಲ್ಲ. ೧೯೭೪ರಲ್ಲಿ ಅವಳ ಅಪ್ಪ ಪಿಸಾವ್ ತನ್ನ ಮೊಹರನ್ನು ದಫ್ತರದವನ ಕೈಗೆ ಒಂದು ದಿನದ ಮಟ್ಟಿಗೆ ಕೊಟ್ಟಿದ್ದ. ಮೂರು ದಿನ ಬಿಟ್ಟು ವಾಪಸ್ ಬಂತು. ಆಚೆ ದಡದ ಜೋಳದ ಹೊಲವನ್ನು ತಾನಾಗಿಯೇ ಬಿಟ್ಟುಕೊಟ್ಟಿದ್ದೇನೆ ಎಂಬ ಕಾಗದ ಇರುವುದು ಆಮೇಲೆ ತಿಳಿಯಿತು. ಅದರ ಮೇಲೆ ಅವನದೇ ಮೊಹರು. ಈಗ ಆ ಹೊಲ ಗಣಿಯ ಎರಡನೇ ಮೆಟ್ಟಿಲು.

ಮೊಹರು ಮನೆಯಲ್ಲಿದೆ, ನಾಳೆ ತರ್ತೀನಿ ಎಂದಳು. ಮೇಷ್ಟ್ರು ಹಣೆ ಗಂಟಿಕ್ಕಿದರು. ನಾಳೆ ಒಂಬತ್ತೂವರೆಗೆ ಹೊರಡುತ್ತೇವೆ, ತಡ ಮಾಡಬೇಡ ಎಂದರು.

*

ಸಂಜೆ ಇವಾಲ್ ಒಲೆಯ ಮುಂದೆ ಕೂತು ಕೆಸುವಿನ ಗಡ್ಡೆ ಸುಡುತ್ತಿದ್ದಳು. ಎಂಬತ್ತೊಂದು ವರ್ಷ. ಕಿವಿಯಿಂದ ಬಾಯಿಯವರೆಗೆ ಎರಡೂ ಕೆನ್ನೆಗಳ ಮೇಲೆ ಹಚ್ಚೆಯ ಅಗಲ ಪಟ್ಟಿ. ಸುಕ್ಕಿನೊಳಗೆ ಗೀಟುಗಳು ಮಡಚಿಹೋಗಿದ್ದವು. ರಬಾಯ್ ಎಲ್ಲವನ್ನೂ ಹೇಳಿದಳು. ಬೂಟು ಬಿಚ್ಚದೆ, ನಿಂತೇ ಹೇಳಿದಳು. ಹೇಳಿ ಮುಗಿಸಿ, ತಪ್ಪು ನನ್ನದು ಅವ್ವ ಎಂದಳು.

ಇವಾಲ್ ಗಡ್ಡೆ ತಿರುವಿ ಹಾಕಿದಳು.

"ತಪ್ಪು ಆಮೇಲೆ ಹಂಚ್ಕೊಳ್ಳೋಣ. ನಿನ್ನ ಅಜ್ಜಂದೂ ಸ್ವಲ್ಪ ಇದೆ, ನಂದೂ ಇದೆ. ಎಷ್ಟು ಗಿಡ ಇವೆ ಈಗ?"

"ಎಣಿಸಿಲ್ಲ."

"ಹನ್ನೊಂದು ವರ್ಷ ಅವರ ಗಿಡ ಎಣಿಸ್ದೆ. ನಮ್ಮದನ್ನ ಎಣಿಸ್ಲಿಲ್ಲ."

ಕಟ್ಟು ಮುರಿಯಬಹುದೇ ಎಂದು ರಬಾಯ್ ಕೇಳಿದಳು. ಹೊರಗಿನವನ ಕೈಗೆ ಗಿಡ ಕೊಟ್ಟರೆ ಹಿರಿಯರು ಮುನಿಯುವುದಿಲ್ಲವೇ. ಮುದುಕಿ ಗಡ್ಡೆಯನ್ನು ಒಲೆಯಿಂದ ಈಚೆಗೆ ಎಳೆದುಕೊಂಡಳು. ಗಡ್ಡೆಯ ಸುಟ್ಟ ಸಿಪ್ಪೆಯನ್ನು ಬೆರಳಲ್ಲಿ ಬಿಡಿಸುತ್ತಿದ್ದಳು.

"ಪೊಲೀಸ್ನೋರು ಬಂದಾಗ ಬಾಯಿ ಮುಚ್ಚಿದ್ದು ಯಾಕೆ? ಗಿಡ ಉಳೀಲಿ, ಹುಡುಗೀರು ಉಳೀಲಿ ಅಂತ. ಈಗ ಬಾಯಿ ಮುಚ್ಚಿದ್ರೆ ಯಾರು ಉಳೀತಾರೆ? ಬಾಯಿ ಇರೋದು ಬರೀ ಮುಚ್ಚೋಕೇ ಅಲ್ಲ. ಒಂದು ಗಿಡ ತಗೋ. ಬುಡದ ಮಣ್ಣು ಬಿಡಿಸ್ಬೇಡ. ಮೊಹರು ಕೊಡ್ಬೇಡ."

ಬೆಳಗ್ಗೆ ಐದೂ ಮುಕ್ಕಾಲಿಗೆ ರಬಾಯ್ ಹತ್ತಿದಳು. ಅವತ್ತು ಬುಟ್ಟಿ ಇರಲಿಲ್ಲ. ಆದರೂ ಕುತ್ತಿಗೆ ತಾನಾಗಿ ಮುಂದಕ್ಕೆ ಬಾಗುತ್ತಿತ್ತು. ಏಳನೇ ಕಲ್ಲು ದಾಟಿ ಚಾಚುಬಂಡೆಗೆ ಕಾಲಿಟ್ಟಳು. ಅಗಲ ಎರಡಡಿ. ಕೆಳಗೆ ತಾಯಿಯ ಮನೆಯ ಸೂರು ಕಾಣುತ್ತಿತ್ತು. ಬಂಡೆಗೆ ಹೊಟ್ಟೆ ಒತ್ತಿ, ಅಡ್ಡಹೆಜ್ಜೆ ಹಾಕುತ್ತ ಹೋದಳು. ಮೂಲೆ ತಿರುಗಿದ ಮೇಲೆ ಸೂರಿನಡಿ ಒಣಜಾಗ. ಚಳಿಗಾಲದ ಮಳೆ ಅಲ್ಲಿಗೆ ಹೊಡೆಯುವುದಿಲ್ಲ. ಬಂಡೆಕಿವಿಗಳು ಎಂದಿನಂತೆ ಒಣಗಿ ಮುದುಡಿದ್ದವು. ಕಂದು ಉಂಡೆಗಳು. ತಿಳಿಯದವರು ಸತ್ತ ಪಾಚಿ ಅನ್ನಬೇಕು. ಎಣಿಸಿದಳು. ಅರವತ್ತಮೂರು. ಬೆರಳಿನಿಂದ ಮೂರು ಹನಿ ಅಕ್ಕಿಯ ಹೆಂಡ ಚಿಮುಕಿಸಿದಳು. ಒಂದನ್ನು ಕೇಳ್ತಿದೀನಿ ಎಂದು ಹಿರಿಯರಿಗೆ ಹೇಳಿದಳು. ಹೋದ ಬೇಸಿಗೆಯ ಕಾಯಿ ಇನ್ನೂ ಅಂಟಿಕೊಂಡಿದ್ದ ಒಂದು ಗಿಡವನ್ನು ಕಲ್ಲಿನ ಚೂರಿನ ಸಮೇತ ಎಬ್ಬಿಸಿದಳು.

*

ಎಂಟೂ ಇಪ್ಪತ್ತಕ್ಕೆ ಶಾಲೆಯ ಅಡುಗೆಮನೆಗೆ ಬಂದಳು. ಒಲೆಯ ಮೇಲೆ ಕೊನೆಯ ಹಲಗೆಗಳು ಒಣಗುತ್ತಿದ್ದವು. ಇನ್ನೂ ಒಂದು ಗಂಟೆ ಬೇಕಿತ್ತು. ಸು-ಚಿನ್ ಚೀಟಿಗಳ ಸರ ಸುತ್ತಿಡುತ್ತಿದ್ದಳು. ಕೊನೆಯ ಮಾದರಿಯ ಸಂಖ್ಯೆ ನಾನೂರ ಹನ್ನೊಂದು.

ಮೇಷ್ಟ್ರು ಹೇಳಿಕೆಯ ಹಾಳೆ, ಕೆಂಪು ಶಾಯಿಯ ಡಬ್ಬಿ ಮೇಜಿನ ಮೇಲಿಟ್ಟರು. ರಬಾಯ್ ಅದರ ಪಕ್ಕದಲ್ಲಿ ಕಂದು ಉಂಡೆಯನ್ನು ಇಟ್ಟಳು.

"ಇದೇನು?"

"ಬಂಡೆಕಿವಿ."

ಆ ಹೆಸರನ್ನು ಹೊರಗಿನವರ ಮುಂದೆ ಅವಳು ಹೇಳಿದ್ದು ಜೀವಮಾನದಲ್ಲಿ ಮೊದಲ ಸಲ.  ಅದನ್ನು ಎಲ್ಲಿಂದ ಕಿತ್ತು ತಂದದ್ದು ಎಂದೂ ಹೇಳಿದಳು.

ಮೇಷ್ಟ್ರು ಬೆರಳ ತುದಿಯಿಂದ ತಳ್ಳಿದರು. ಒಣಗಿದ ಕಸ, ಇಂಥದ್ದನ್ನು ಗುರುತಿಸಲು ಆಗುವುದಿಲ್ಲ, ಎಲೆಯಿಲ್ಲ ಹೂವಿಲ್ಲ ಎಂದರು. ರಬಾಯ್ ವಾದಿಸಲಿಲ್ಲ. ಅಲ್ಯೂಮಿನಿಯಂ ಬಟ್ಟಲಿಗೆ ಒಲೆಯ ಮೇಲಿನ ಉಗುರುಬೆಚ್ಚಗಿನ ನೀರು ಹಾಕಿ ಗಿಡವನ್ನು ಅದರಲ್ಲಿ ಇಟ್ಟಳು. ಹಲಗೆ ಒಣಗೋವರೆಗೆ ಇರ್ತೀರಲ್ಲ, ಅಲ್ಲಿವರೆಗೆ ನೋಡೋಣ ಎಂದಳು. ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತಳು. ಬಲಗೈ ಅಂಗಿಯ ಮೇಲಿನಿಂದ ಮೊಹರಿನ ಚೀಲವನ್ನು ಹಿಡಿದಿತ್ತು.

 ಮೇಷ್ಟ್ರು ಎರಡು ಸಲ ಹೊರಗೆ ಹೋಗಿ ಬಂದರು. ಗಡಿಯಾರ ನೋಡಿದರು. ಮೊದಲು ನಯವಾಗಿ ಹೇಳಿದರು. ಮುಂದಿನ ವರ್ಷ ದಕ್ಷಿಣದ ಕಾಡಿಗೆ ಹೋಗ್ತೀವಿ, ನಿನ್ನನ್ನೇ ಕರೀತೀವಿ ಎಂದರು. ಆಮೇಲೆ ದನಿ ಬದಲಾಯಿತು. ಹೀಗೆ ಹಟ ಮಾಡಿದರೆ ಈ ಸೀಮೆಯಲ್ಲಿ ಯಾವ ಕಾಲೇಜಿನವರೂ ನಿನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ ಎಂದರು. ಅವಳು ಬಟ್ಟಲು ನೋಡುತ್ತಿದ್ದಳು. ಉಂಡೆ ಹಾಗೇ ಇತ್ತು. ಅವಳಿಗೆ ಒಳಗೊಳಗೇ ಭಯ. ಸೂರಿನಡಿ ಅದು ಮಳೆಗಾಲದ ಒಸರಿಗೆ ಬಿಚ್ಚಿಕೊಳ್ಳುವುದನ್ನು ನೋಡಿದ್ದಳು. ಬಟ್ಟಲಿನಲ್ಲಿ ನೋಡಿರಲಿಲ್ಲ.

ಒಂಬತ್ತೂ ಐದಕ್ಕೆ ಸು-ಚಿನ್ ಚೀಟಿ ಸುತ್ತುವುದನ್ನು ನಿಲ್ಲಿಸಿದಳು.

ಹೊರಗಿನ ಎಲೆಯೊಂದು ಅಲುಗಿತ್ತು. ಅಂಚು ಬಿಚ್ಚಿ ನೀರಿಗೆ ಒರಗಿತ್ತು. ಅದರ ಪಕ್ಕದ್ದು ಅರ್ಧ ತೆರೆದಿತ್ತು. ಕಂದು ಬಣ್ಣದ ಒಳಗಿನಿಂದ ಹಸಿರು. ಬೂದು ರೋಮದ ಮೇಲೆ ನೀರಿನ ಗುಳ್ಳೆಗಳು. ಒಂಬತ್ತೂಕಾಲಿಗೆ ಏಳು ಎಲೆ ಅಂಗೈಯ ಹಾಗೆ ಹರಡಿದ್ದವು. ನಡುವಿನಿಂದ ಒಂದು ಒಣಕಡ್ಡಿ ಎದ್ದಿತ್ತು. ತುದಿಯಲ್ಲಿ ಕಳೆದ ವರ್ಷದ ಕಾಯಿ. ಹಗ್ಗ ಹೊಸೆದ ಹಾಗೆ ತಿರುಚಿದ್ದ ಕಾಯಿ.

ಮೇಷ್ಟ್ರ ಕೈ ತಾನಾಗಿಯೇ ಜೇಬಿಗೆ ಹೋಯಿತು. ಭೂತಗನ್ನಡಿ ತೆಗೆದರು. ಬಗ್ಗಿದರು. ತಿರುಚಿದ ಕಾಯಿಯನ್ನು ನೋಡಿದರು. ಎಲೆಯ ಬುಡ ನೋಡಿದರು. ರೋಮ ನೋಡಿದರು. ಬಹಳ ಹೊತ್ತು ನೋಡಿದರು. ಅವರ ಉಸಿರಿಗೆ ನೀರು ಅಲುಗಾಡುತ್ತಿತ್ತು. ಅದು ಕಾಪಾಡಬೇಕಾದ ಗಿಡವೆಂದು ಅವರಿಗೆ ಗೊತ್ತಾಯಿತು ಎಂದು ರಬಾಯ್‌ಗೆ ಗೊತ್ತಾಯಿತು. ಸು-ಚಿನ್‌ಗೂ ಗೊತ್ತಾಯಿತು.

ಭೂತಗನ್ನಡಿಯನ್ನು ಮಡಚಿ ಜೇಬಿಗೆ ಇಟ್ಟುಕೊಂಡರು.

"ಪಟ್ಟಿ ನಿನ್ನೆಗೆ ಮುಗಿದಿದೆ. ಇದು ನನ್ನ ಸಾಲಲ್ಲಿ ಸಿಕ್ಕಿದ್ದಲ್ಲ."

"ನಿಮ್ಮ ಮೂರನೇ ಸಾಲಲ್ಲೇ ಇರೋದು ಮೇಷ್ಟ್ರೇ."

"ಮೂರನೇ ಸಾಲಲ್ಲಿ ನಮ್ಮನ್ನ ಸುತ್ತುಹಾಕಿಸಿದ್ದು ಯಾರು? ನೀನು. ಕಲ್ಲು ಸಡಿಲ ಅಂದಿದ್ದು ಯಾರು? ಮಾರ್ಗದರ್ಶಿ ಸುಳ್ಳು ಹೇಳಿ ದಾರಿ ತಪ್ಪಿಸಿದಳು ಅಂತ ನಾನು ಬರೆದರೆ ಏನಾಗುತ್ತೆ ಗೊತ್ತಾ ನಿನಗೆ?"

 ರಬಾಯ್ ಎದ್ದಳು. ಹನ್ನೊಂದು ವರ್ಷ ಅವಳು ಇವರಂಥವರ ಎದುರು ಹಣೆಪಟ್ಟಿ ಹಾಕಿಕೊಂಡು, ತಲೆ ಬಗ್ಗಿಸಿಯೇ ನಿಂತಿದ್ದಳು. ಈಗ ಹಣೆಯ ಮೇಲೆ ಏನೂ ಇರಲಿಲ್ಲ. ಪಟ್ಟಿ ಕೊರೆದ ಗುಳಿ ಮಾತ್ರ ಇತ್ತು.

"ಬರೀರಿ," ಎಂದಳು. "ಅದನ್ನೇ ಬರೀರಿ. ಸುಳ್ಳು ಹೇಳಿದಳು ಅಂತ ಬರೀರಿ. ಎಲ್ಲಿ ಹೇಳಿದಳು, ಎಷ್ಟು ದೂರ ತಪ್ಪಿಸಿದಳು, ಅದನ್ನೂ ಬರೀರಿ. ಅದಕ್ಕೆ ನನ್ನ ಮೊಹರು ಹಾಕ್ತೀನಿ. ಈ ಹಾಳೆಗೆ ಹಾಕಲ್ಲ."

ಮೇಷ್ಟ್ರು ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.  ಅವಳು ತಪ್ಪಿಸಿದ್ದಳು ಎಂದು ಬರೆದರೆ ಸಾಲು ನಡೆದಿಲ್ಲ ಎಂದಾಗುತ್ತದೆ. ಸಾಲು ನಡೆದಿಲ್ಲವಾದರೆ ಆ ನಾಲ್ಕು ಚೌಕ ಎಲ್ಲಿಂದ ಬಂದವು?

"ನಾನು ಸುಳ್ಳು ಹೇಳಿದ್ದು ಗಿಡ ಉಳೀಲಿ ಅಂತ. ನೀವು ಕುರ್ಚೀಲಿ ಕೂತು 'ಮೇಲಿನಂತೆಯೇ' ಅಂತ ಬರೆದದ್ದು ಯಾತಕ್ಕೆ ಮೇಷ್ಟ್ರೇ? ನಾನು ನೋಡ್ತಾ ಇದ್ದೆ. ನಿಮ್ಮ ಕುರ್ಚಿ ಹೊತ್ತು ತಂದವಳು ನಾನೇ."

ಅವರ ಮುಖ ಕೆಂಪಾಯಿತು. ಕಾಡುಮುಂಡೆ ಎಂದರು. ಆ ಮಾತನ್ನು ಸಣ್ಣ ದನಿಯಲ್ಲಿ, ಬೇರೆ ಕಡೆ ನೋಡುತ್ತ ಅಂದರು. ಬಟ್ಟಲಿಗೆ ಕೈ ಹಾಕಿದರು. ರಬಾಯ್ ಅವರಿಗಿಂತ ಮುಂಚೆ ಬಟ್ಟಲನ್ನು ಎತ್ತಿ ಎದೆಗೆ ಹಿಡಿದಳು. ನೀರು ಅಂಗಿಯ ಮೇಲೆ ಚೆಲ್ಲಿತು.

ಆಗ ಸು-ಚಿನ್ ಮಾತಾಡಿದಳು.  ಕಣ್ಣು ಕೈಯಲ್ಲಿದ್ದ ಚೀಟಿಗಳ ಮೇಲಿತ್ತು.

"ಮೇಷ್ಟ್ರೇ, ನಾನೂರ ಹನ್ನೆರಡರ ಚೀಟಿ ಖಾಲಿ ಇದೆ. ಗಿಡ ಕೈಗೆ ಬಂದ ಮೇಲೆ ಸಂಖ್ಯೆ ಕೊಡದೆ ಎಸೆಯೋ ಹಾಗಿಲ್ಲ. ನೀವೇ ಕಲಿಸಿದ್ದು."

ಸು-ಚಿನ್, ಯೋಚನೆ ಮಾಡಿ ಮಾತಾಡು ಎಂದರು ಮೇಷ್ಟ್ರು. ನಿನ್ನ ನೌಕರಿಯ ಕಾಗದಕ್ಕೆ ಸಹಿ ಹಾಕುವುದು ನಾನು ಎಂದರು. ಅವಳು ತಲೆಯಾಡಿಸಿದಳು, ಗೊತ್ತು ಎಂಬಂತೆ. ಚೀಟಿಯ ಮೇಲೆ ೪೧೨ ಎಂದು ಬರೆದಳು. ದಿನಾಂಕ ಬರೆದಳು. ಸಂಗ್ರಹಿಸಿದವರು ಎಂಬಲ್ಲಿ ಪೆನ್ನು ನಿಲ್ಲಿಸಿ ತಲೆಯೆತ್ತಿದಳು.

"ಅಕ್ಕ, ನಿಮ್ಮ ಹೆಸರು?"

"ರಬಾಯ್. ರಬಾಯ್ ಪಿಸಾವ್."

ಜಾಗ ಎಂಬಲ್ಲಿ ಮತ್ತೆ ಪೆನ್ನು ನಿಂತಿತು. ಗಡಿಯ ಒಳಗೋ ಹೊರಗೋ ಎಂದು ಬರೆಯದಿದ್ದರೆ ಈ ಚೀಟಿಗೆ ಬೆಲೆಯಿಲ್ಲ ಎಂದಳು. ಒಳಗೆ ಎಂದು ಅಳತೆ ಸಮೇತ ತೋರಿಸಿದರೆ ಕಡತ ಸಮಿತಿಗೆ ವಾಪಸ್ ಹೋಗಬೇಕು. ಬೇಸಿಗೆಯಲ್ಲಿ ಹೂ ಬಿಡುವವರೆಗೆ ಕಾಯಬೇಕು, ಸಾಲುಗಳನ್ನು ಮತ್ತೆ ನಡೆಯಬೇಕು. ಅದಕ್ಕಿಂತ ಹೆಚ್ಚಿನದನ್ನು ತಾನು ಹೇಳಲಾರೆ ಎಂದಳು.

ರಬಾಯ್ ಮೂಲೆಯಲ್ಲಿದ್ದ ಟೇಪನ್ನು ಎತ್ತಿಕೊಂಡಳು.

ಮೇಷ್ಟ್ರು ಜೀಪಿನಲ್ಲಿ ಹೋಗಿ ಕೂತರು. ಚಾಲಕನಿಗೆ ಎಂಜಿನ್ ಶುರು ಮಾಡಲು ಹೇಳಿದರು. ಹೊರಡಲು ಹೇಳಲಿಲ್ಲ.

*

ಏಳನೇ ಕಲ್ಲಿನವರೆಗೆ ಏರು ಒಂದೂವರೆ ಗಂಟೆ; ಅವತ್ತು ಎರಡೂವರೆ ಹಿಡಿಯಿತು. ಸು-ಚಿನ್ ಮೂರು ಕಡೆ ಜಾರಿದಳು. ರಬಾಯ್ ಅವಳ ಕೈಗೆ ಒಂದು ಕೋಲು ಮುರಿದು ಕೊಟ್ಟಳು. ಕಲ್ಲಿನ ಹತ್ತಿರ ಬಂದಾಗ ಸು-ಚಿನ್ ಕೆಳಗೆ ನೋಡಿ ಹಿಂದೆ ಸರಿದಳು.  ಎಂದಿನಂತೆ ಟೇಪಿನ ಸುರುಳಿಗೆ ಕೈ ಚಾಚಿದಳು.

ರಬಾಯ್ ಸುರುಳಿ ಕೊಡಲಿಲ್ಲ. ಸೊನ್ನೆಯ ತುದಿಯನ್ನು ಎಳೆದು ಅವಳ ಬೆರಳುಗಳ ನಡುವೆ ಇಟ್ಟಳು.

"ಇದನ್ನ ಕೆಂಪು ಬಣ್ಣದ ಮಧ್ಯಕ್ಕೆ ಒತ್ತಿ ಹಿಡ್ಕೋ ತಂಗಿ. ನಾನು ಹೇಳೋವರೆಗೆ ಅಲುಗಾಡ್ಬೇಡ. ಉಸಿರು ಸಣ್ಣಗೆ ಬಿಡು. ಕೆಳಗೆ ನೋಡ್ಬೇಡ, ಕಲ್ಲು ನೋಡು. ನಾವು ಹಾಗೇ ಮಾಡೋದು."

ಸು-ಚಿನ್ ಮಂಡಿಯೂರಿ ತುದಿಯನ್ನು ಕಲ್ಲಿಗೆ ಒತ್ತಿದಳು.

ರಬಾಯ್ ಸುರುಳಿಯನ್ನು ಬಲಗೈಯಲ್ಲಿ ಹಿಡಿದು ಚಾಚುಬಂಡೆಗೆ ಹೆಜ್ಜೆಯಿಟ್ಟಳು. ಎಡಗೈ ಬಂಡೆಯ ಬಿರುಕಿನಲ್ಲಿ. ಹೊಟ್ಟೆ ಕಲ್ಲಿಗೆ. ಟೇಪು ಅವಳ ಹಿಂದೆ ಬಿಚ್ಚಿಕೊಳ್ಳುತ್ತ ಬಂತು. ಅರ್ಧ ದಾರಿಯಲ್ಲಿದ್ದಾಗ ಆಚೆ ದಡದಲ್ಲಿ ಮೊದಲ ಸೀಟಿ ಊದಿತು. ಹನ್ನೆರಡೂ ಹತ್ತು. ಹಿಂದಕ್ಕೆ ಬನ್ನಿ ಅಕ್ಕ ಎಂದು ಸು-ಚಿನ್ ಕೂಗಿದಳು. ರಬಾಯ್ ನಿಂತಳು. ಕೆನ್ನೆಯನ್ನು ಬಂಡೆಗೆ ಒತ್ತಿದಳು. ಎರಡನೇ ಸೀಟಿ. ಬೆಟ್ಟ ಗುಡುಗಿತು. ಕಲ್ಲು ಅವಳ ಹಲ್ಲಿನವರೆಗೆ ನಡುಗಿತು. ಮೇಲಿನಿಂದ ಪುಡಿ ಉದುರಿತು. ಬಿಳಿ ದೂಳು ಕಣಿವೆ ದಾಟಿ ಬಂದು ಮುಖಕ್ಕೆ, ಕಣ್ಣಿಗೆ, ಟೇಪಿಗೆ ಮೆತ್ತಿತು. ತುದಿ ಹಿಡ್ಕೊಂಡಿದೀಯಾ ಎಂದು ಕೇಳಿದಳು. ಹಿಡ್ಕೊಂಡಿದೀನಿ ಎಂಬ ದನಿ ಬಂತು.

ದೂಳು ಇಳಿಯುವವರೆಗೆ ಕಾಯಲಿಲ್ಲ. ಇನ್ನು ನಾಲ್ಕು ಅಡ್ಡಹೆಜ್ಜೆ. ಮೂಲೆ ಬಂತು. ಮೊದಲನೆಯ ಬಂಡೆಕಿವಿ ಅಲ್ಲೇ, ಭುಜದ ಎತ್ತರಕ್ಕೆ ಇತ್ತು. ಉಳಿದ ಅರವತ್ತೊಂದು ಅದರಾಚೆಗೆ, ಇನ್ನೂ ಒಳಗೆ. ಅವಳು ಟೇಪನ್ನು ಬಿಗಿಯಾಗಿ ಎಳೆದಳು. ಜೋಲು ಹೋಯಿತು. ಟೇಪನ್ನು ಗಿಡದ ಬುಡಕ್ಕೆ ತಂದು ನಿಲ್ಲಿಸಿದಳು. ಹೆಬ್ಬೆರಳಿನಿಂದ ದೂಳು ಒರೆಸಿದಳು. ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಸು-ಚಿನ್ ಬರೆದುಕೊಳ್ಳಲೆಂದು ಕಣಿವೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

ಏಳನೇ ಗಡಿಕಲ್ಲಿನಿಂದ ಒಳಕ್ಕೆ ಹನ್ನೊಂದು ಮೀಟರ್ ಎಪ್ಪತ್ತು ಸೆಂಟಿಮೀಟರ್.